ನಬಾಟಿಯನ್ನರ ದೇವಿಯರು ಮತ್ತು ಕಮ್ಕಮ್‌ಳ ಗೋರಿ: ಒಂದು ಪ್ರಶ್ನೆ

ವಾಸ್ಕೋ ಅಕ್ಕೋರು:
ನಾನು ಸವದತ್ತಿ ಕಡೆಯವಳು. ಗೋವಾದ ವಾಸ್ಕೋದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತೇನೆ. ಮೊನ್ನೆ ಜೋರ್ಡನ್ನಿನ ಪೆಟ್ರಾದ ಚಿತ್ರ ತೋರಿಸುತ್ತಿದ್ದೆ. ನಬಾಟಿಯನ್ನರು ಎಂಬ ಹಳೆಯ ಅರಬ್ ಜನರ ರಾಜಧಾನಿ ಅದು. ಅಲ್ಲಿ ರೆಕ್ಕೆಸಿಂಹಗಳ ಗುಡಿಯಲ್ಲಿ ಸಿಕ್ಕ ದೇವಿ ಅಂದರೆ ಒಂದು ಚಪ್ಪಟೆ ಕಲ್ಲು, ಅದರಲ್ಲಿ ಎರಡು ಕಣ್ಣು, ಉದ್ದ ಮೂಗು. ಕೆಳಗೆ ‘ನಿಬತ್‌ನ ಮಗ ಹಯ್ಯಾನನ ದೇವಿ’ ಎಂಬ ಬರಹ. “ಅಕ್ಕೋರ, ಇದು ನಮ್ಮ ಹೊಲದಾಗಿನ ಕರೆವ್ವನಂಗ ಐತ್ರಿ” ಅಂದಳು ಒಬ್ಬ ಹುಡುಗಿ. ನಗು ಬಂತು. ಆದರೆ ಹಿಂದಿನ ಬೆಂಚಿನವಳು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ: “ಅಲ್-ಉಜ್ಜಾ, ಅಲ್ಲಾತ್, ಮನಾತ್ ಅಂತ ಇಷ್ಟು ಮಂದಿ ದೇವಿಯರಿದ್ದರಲ್ಲ, ಅಲ್ಲಿ ಹೆಂಗಸರಿಗೆ ಛಲೋ ಇತ್ತೇನ್ರಿ?”

ಎಲ್ಲಮ್ಮನ ಗುಡ್ಡದ ಹತ್ತಿರ ಬೆಳೆದವಳು ಹೌದು ಅನ್ನುವುದು ಹೇಗೆ? ಉಧೋ ಉಧೋ ಅಂದ ಬಾಯಲ್ಲೇ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುತ್ತಿದ್ದರು. 1982ರಲ್ಲಿ ಕಾಯಿದೆ ತರಬೇಕಾಯಿತು. ತಿಳಿದವರು ಹೇಳಿ.

ಡೊಂಬಿವಲಿ ಮಾವ:
ಅದೇ ನಬಾಟಿಯನ್ನರ ಇನ್ನೊಂದು ಊರು, ಸೌದಿಯ ಹೆಗ್ರಾದಲ್ಲಿ ಬಂಡೆ ಕೊರೆದ ಗೋರಿಗಳ ಮೇಲೆ ಒಡೆತನದ ಬರಹಗಳಿವೆ ಟೀಚರ್. ಅರಸ ನಾಲ್ಕನೇ ಅರೆಟಾಸನ 9ನೇ ವರ್ಷದ್ದೊಂದು, ಅಂದರೆ ಸುಮಾರು 2,000 ವರ್ಷದ ಹಿಂದಿನದು. ವಾಇಲತ್‌ಳ ಮಗಳು ಕಮ್ಕಮ್, ಅವಳ ಮಗಳು ಕುಲೈಬತ್ ಸೇರಿ ಮಾಡಿಸಿಕೊಂಡದ್ದು. ಕಮ್ಕಮ್‌ಳ ಅಪ್ಪ, ಗಂಡ ಯಾರೆಂಬ ಸುದ್ದಿಯೇ ಇಲ್ಲ. ಇದನ್ನು ಮಾರಿದವರನ್ನೂ ಅಡವಿಟ್ಟವರನ್ನೂ ದುಶರಾ ದೇವರು, ಅಲ್ಲಾತ್, ಮನಾತ್ ಶಪಿಸಲಿ ಅಂತಿದೆ. ಅದೇ ಅರಸನ ನಾಣ್ಯದಲ್ಲಿ ರಾಣಿ ಶಕೀಲತ್‌ಳ ಮುಖವೂ ಉಂಟು.

ನಾವು ಅಳಿಯಸಂತಾನದವರು, ಬಳಿ ಅಂದರೆ ಕುಲ ಬರುವುದು ತಾಯಿಯಿಂದ. ಹಾಗಾಗಿ ಓದಿ ಖುಷಿಯಾಯಿತು. ಆದರೆ ನಮ್ಮ ಮನೆಯಲ್ಲಿ ಕಣಜದ ಬೀಗದ ಕೈ ಇದ್ದದ್ದು ಅಜ್ಜಿಯ ಅಣ್ಣನ ಸೊಂಟದಲ್ಲಿ, ಅದೂ ಹೇಳಬೇಕಲ್ಲ.

ಪುಣೆ ದಸ್ತಾವೇಜು:
ನಲವತ್ತು ವರ್ಷ ಖರೀದಿಪತ್ರ ಬರೆದವನು ನಾನು. ದೇವಿಯನ್ನು ಬಿಡಿ, ಕಾಗದ ನೋಡಿ. ಮೃತ ಸಮುದ್ರದ ಬಳಿಯ ಗುಹೆಯಲ್ಲಿ 1961ರಲ್ಲಿ ಬಾಬತಾ ಎಂಬ ಯಹೂದಿ ಹೆಂಗಸಿನ ಕಾಗದಪತ್ರದ ಗಂಟು ಸಿಕ್ಕಿತು. ಅದರಲ್ಲಿ ನಬಾಟಿಯನ್ ಅರಸರ ಕಾಲದ ಪತ್ರಗಳೂ ಇವೆ: ಅಬಿ-ಅದನ್ ಎಂಬಾಕೆ ಖರ್ಜೂರದ ತೋಟವನ್ನು ತಾನೇ ನಿಂತು ಮಾರಿದ್ದಾಳೆ. ಕ್ರಿ.ಶ. 106ರಲ್ಲಿ ರೋಮನ್ನರು ಆ ರಾಜ್ಯ ನುಂಗಿದರು. 127ರಲ್ಲಿ ಬಾಬತಾ ತನ್ನದೇ ತೋಟಗಳ ಲೆಕ್ಕ ಕೊಡಲು ಹೋದಾಗ ಗಂಡ ಪಾಲಕನಾಗಿ ಜೊತೆಗಿರಬೇಕಾಯಿತು. ಮೂವತ್ತು ವರ್ಷದೊಳಗೆ ದೇವಿಯರೇನು ಓಡಿಹೋಗಿರಲಿಲ್ಲ. ಬದಲಾದದ್ದು ಕಚೇರಿ. ಇನ್ನೊಂದು, ಬಂಡೆಯಲ್ಲಿ ಗೋರಿ ಕೊರೆಸಿದವರು ಉಳ್ಳವರು. ಅವರ ಮನೆ ಕಸ ಗುಡಿಸಿದವಳ ಹೆಸರನ್ನು ಯಾವ ಕಲ್ಲಿನಲ್ಲಿ ಹುಡುಕುತ್ತೀರಿ?

ವಾಸ್ಕೋ ಅಕ್ಕೋರು:
ದಸ್ತಾವೇಜು ಸರ್, ನಿಮ್ಮ ಮಾತಿಗೆ ನಮ್ಮ ಪಕ್ಕದ ಮನೆಯ ಕೊಂಕಣಿ ಬಾಯಿ ನೆನಪಾದಳು. ಅವಳ ಗಂಡ ತೆಂಗಿನ ತೋಟ ಮಾರಲು ಹೊರಟಾಗ ಇವಳ ಸಹಿ ಇಲ್ಲದೆ ಕೆಲಸ ನಡೆಯಲಿಲ್ಲ. ಪೋರ್ತುಗೀಸರ 1867ರ ಸಂಹಿತೆ ಇಲ್ಲಿ ಬಿಟ್ಟುಹೋದ ಪದ್ಧತಿ: ಮದುವೆಗೆ ಮುಂಚೆ ಬೇರೆ ಕರಾರು ಆಗದಿದ್ದರೆ ಆಸ್ತಿ ಇಬ್ಬರದೂ. ಅವಳು ನಡೆದುಕೊಳ್ಳುವುದು ಸಾಂತೇರಿಗೆ, ಅಂದರೆ ಹುತ್ತಕ್ಕೆ. ಆದರೆ ಆ ದಿನ ಪರ್ಸಿನಲ್ಲಿ ಒಯ್ದದ್ದು ಕುಂಕುಮವಲ್ಲ, ಆಧಾರ್ ಕಾರ್ಡು.

ನಾಳೆ ಕಮ್ಕಮ್‌ಳ ಸಾಲನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳಿಗೆ ತಾಯಿ, ತಾಯಿಯ ತಾಯಿ, ಆಕೆಯ ತಾಯಿಯ ಹೆಸರು ಬರೆದು ತರಲು ಹೇಳುತ್ತೇನೆ. ನಾನೇ ಬರೆಯಲು ಕೂತೆ, ಮೂರನೆಯದು ಗೊತ್ತಿಲ್ಲ. ಊರಿಗೆ ಫೋನ್ ಮಾಡಿದೆ, ಅಣ್ಣನಿಗೂ ಗೊತ್ತಿಲ್ಲ. ಹೊಲದ ಉತಾರದಲ್ಲಿ ನೋಡು ಅಂದೆ. “ಅದರಾಗ ಹೆಂಗಸರ ಹೆಸರು ಎಲ್ಲಿರತಾವ?” ಅಂದ.