ಉಪನಗರ ರೈಲು ವಿಳಂಬಕ್ಕೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ: 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ, ಬೆಂಗಳೂರಿನ 148 ಕಿ.ಮೀ. ಉಪನಗರ ರೈಲು ಯೋಜನೆ 40 ತಿಂಗಳಲ್ಲಿ ಮುಗಿಯುತ್ತದೆ ಎಂಬ ಭರವಸೆ ಸಿಕ್ಕಿತ್ತು. ಆ ಗಡುವು ಕಳೆದರೂ ಒಂದು ರೈಲೂ ಓಡಿಲ್ಲ. ಚಿಕ್ಕಬಾಣಾವರದಿಂದ ಹೆಬ್ಬಾಳಕ್ಕೆ ದಿನವೂ ಎರಡು ಬಸ್ಸು ಬದಲಿಸಿ, ಕಾಲೂರಲು ಜಾಗವಿಲ್ಲದೆ ನಿಂತು ಹೋಗುವ ನಮಗೆ ಲೆಕ್ಕ ಒಪ್ಪಿಸಬೇಕಾದವರು ಯಾರು?

ಉತ್ತರ 1: ಈ ಯೋಜನೆಯನ್ನು ಜಾರಿಗೊಳಿಸುತ್ತಿರುವ ಕೆ-ರೈಡ್ ಸಂಸ್ಥೆ ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಉದ್ಯಮವಾದ್ದರಿಂದ ಹೊಣೆ ಇಬ್ಬರದೂ ಹೌದು. ಭೂಮಿ ಪೂರ್ತಿ ಕೈಗೆ ಬರುವ ಮೊದಲೇ ಗುತ್ತಿಗೆ ಕೊಟ್ಟರೆ ಕಾಮಗಾರಿ ನಿಲ್ಲುತ್ತದೆ, ವೆಚ್ಚ ಏರುತ್ತದೆ. ನನ್ನ ದೃಷ್ಟಿಯಲ್ಲಿ ಮೂಲ ದೋಷ ಇದೇ.

ಉತ್ತರ 2: ಯಾವ ನಿಲ್ದಾಣದ ಭೂಮಿ ಯಾವ ದಿನಾಂಕದಂದು ಹಸ್ತಾಂತರವಾಯಿತು ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಈ ವಾರವೇ ಅರ್ಜಿ ಸಲ್ಲಿಸುತ್ತೇನೆ.