ಪದಚರ್ಚೆ: ‘ಕ್ಷಮಾದಾನ’ದ ಬದಲು ಏನು ಬರೆಯಲಿ? (ನಾಳೆ ಪ್ರೆಸ್ಸಿಗೆ)

ಶಿರಸಿಯಿಂದ:
ಕಾನೂನು ಅರಿವು ಶಿಬಿರಕ್ಕೆ ಒಂದು ಫ್ಲೆಕ್ಸು, ಒಂದು ಕರಪತ್ರ ಆಗಬೇಕು. ರಾಷ್ಟ್ರಪತಿ (ಸಂವಿಧಾನದ 72ನೇ ವಿಧಿ), ರಾಜ್ಯಪಾಲರು (161ನೇ ವಿಧಿ) ಅಪರಾಧಿಗಳ ಶಿಕ್ಷೆ ಮನ್ನಾ ಮಾಡುವುದು ಎಷ್ಟು ನ್ಯಾಯ ಎಂಬುದು ವಿಷಯ. ‘ಕ್ಷಮಾದಾನ’ ಎಂದು ಬರೆದಿದ್ದೆ, ಸಂಘಟಕರಿಗೆ ‘ದಾನ’ ಹಿಡಿಸಲಿಲ್ಲ. ಗಲ್ಲನ್ನು ಜೀವಾವಧಿಗೆ ಇಳಿಸುವುದು, ಅವಧಿಗೆ ಮೊದಲೇ ಬಿಡುವುದು ಎಲ್ಲ ಸೇರುವ ಒಂದೇ ಪದ ಇದ್ದರೆ ಹೇಳಿ.

ಹೊನ್ನಾವರದಿಂದ:
ಮನ್ನಿಪು. ಅಚ್ಚಗನ್ನಡ. ಸಂಸ್ಕೃತದ ಸಾಲ ಸಾಕು.

ಕುಮಟೆಯಿಂದ:
ಅದು ತಮಿಳಿನವರ ಬಾಯಲ್ಲಿ ಕೇಳಿದ ಹಾಗಿದೆ. ನಮ್ಮಲ್ಲಿ ಮನ್ನಿಸು ಎಂದರೆ ಗೌರವಿಸು ಎಂದೂ ಆಗುತ್ತದೆ, ಮನ್ನಣೆ ಅಲ್ಲಿಂದಲೇ. 2022ರ ಆಗಸ್ಟ್ 15ರಂದು ಗುಜರಾತ್ ಗಲಭೆಯ ಬಿಲ್ಕಿಸ್ ಬಾನು ಅತ್ಯಾಚಾರ ಪ್ರಕರಣದ 11 ಅಪರಾಧಿಗಳು ಗೋಧ್ರಾ ಜೈಲಿನಿಂದ ಹೊರಬಂದಾಗ ಹಾರ ಹಾಕಿ ಸಿಹಿ ತಿನ್ನಿಸಿದರಲ್ಲ, ಅದಕ್ಕೆ ಬೇಕಾದರೆ ನಿಮ್ಮ ಪದ ಇಟ್ಟುಕೊಳ್ಳಿ.

ಕಾರವಾರದಿಂದ:
ಒಂದೇ ಪದ ಬೇಕೆಂಬ ಹಟವೇ ತಪ್ಪು. ಪೂರ್ಣ ಕ್ಷಮೆ ಬೇರೆ, ಶಿಕ್ಷೆ ಇಳಿಸುವುದು ಬೇರೆ, ಅವಧಿಪೂರ್ವ ಬಿಡುಗಡೆ ಬೇರೆ. ಕುಮಟೆಯವರು ಹೇಳಿದ ಪ್ರಕರಣದಲ್ಲಿ ರಾಜ್ಯಪಾಲರು ಬರುವುದೇ ಇಲ್ಲ. ಅದು ಗುಜರಾತ್ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯಡಿ ಮಾಡಿದ ಬಿಡುಗಡೆ. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಗುಜರಾತಿಗೆ ಆ ಅಧಿಕಾರವಿಲ್ಲ ಎಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು.

‘ದಾನ’ದ ಬಗ್ಗೆ ಸಂಘಟಕರ ತಕರಾರು ಮಾತ್ರ ಸರಿ. ಸುಪ್ರೀಂ ಕೋರ್ಟಿನ 2006ರ ಎಪೂರು ಸುಧಾಕರ್ ತೀರ್ಪು ಓದಿ. ಆಂಧ್ರದ ರಾಜ್ಯಪಾಲರು ಕೊಟ್ಟ ಮಾಫಿ ನಿಲ್ಲಲಿಲ್ಲ. ಜಾತಿ, ಧರ್ಮ, ಪಕ್ಷನಿಷ್ಠೆ ನೋಡಿ ಶಿಕ್ಷೆ ಬಿಡುವಂತಿಲ್ಲ ಎಂದಿತು ಕೋರ್ಟು. ತಮ್ಮವರಿಗೆ ಹಂಚಲು ಅದೇನು ಅರಸರ ಉಂಬಳಿಯೇ?

ಹೊನ್ನಾವರದಿಂದ:
ಮಾಫಿಯಂತೆ! ಸಂಸ್ಕೃತ ಬೇಡವೆಂದರೆ ಅರಬ್ಬಿಯೇ?

ಕಾರವಾರದಿಂದ:
1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದವರು, ಕಚೇರಿ ಮಾತು ಹಾಗೇ ಉಳಿದಿದೆ. ವಕೀಲ, ತಕರಾರು, ರದ್ದು, ಕಾಯಿದೆ ಎಲ್ಲವೂ ಅರಬ್ಬಿಯೇ. ಅಷ್ಟನ್ನೂ ಬಿಟ್ಟು ಒಂದು ಜಾಗದ ಕೇಸು ನಡೆಸಿ ತೋರಿಸಿ.

ಹೊನ್ನಾವರದಿಂದ:
ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಕನ್ನಡ ಈ ಗತಿಗೆ ಬಂತು.

ಶಿರಸಿಯಿಂದ:
ಮಾರಾಯ್ರೆ, ಪ್ರೆಸ್ಸಿನವನ ಫೋನು ನಿಲ್ಲುತ್ತಿಲ್ಲ. ಫ್ಲೆಕ್ಸಿಗೆ ‘ಶಿಕ್ಷೆ ಬಿಡುವ ಅಧಿಕಾರ: ಯಾರಿಗೆ, ಯಾಕೆ?’ ಎಂದು ಕಳಿಸುತ್ತಿದ್ದೇನೆ. ಕರಪತ್ರದಲ್ಲಿ ಕಾರವಾರದವರು ಹೇಳಿದಂತೆ ಮೂರನ್ನೂ ಬೇರೆ ಬೇರೆ ಬರೆಯುತ್ತೇನೆ.

ಕುಮಟೆಯಿಂದ:
‘ಬಿಡುವ’ ಎಂದರೆ ಶಿಕ್ಷೆಯನ್ನೋ, ಅಪರಾಧಿಯನ್ನೋ?