ಪದ ಬೇಕು: ‘ಕ್ಯಾರೆಕ್ಟರ್ ಎನ್‌ಕೋಡಿಂಗ್ ಕನ್ವರ್ಷನ್’

ಗೆಳೆಯರೇ,

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇರೆ ಬೇರೆ ಲಿಪಿಗಳ ಪಠ್ಯವನ್ನು ನಿಭಾಯಿಸುವ ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಶನ್ ಬಗ್ಗೆ ಇರುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಎನ್‌ಕೋಡಿಂಗ್ ಅಂದರೆ ಯಾವ ಚಿಹ್ನೆಗೆ ಯಾವ ಬೈಟುಗಳು ಅನ್ನುವ ಕಟ್ಟಳೆ. ಒಂದು ಎನ್‌ಕೋಡಿಂಗ್‌ನಲ್ಲಿರುವ ಪಠ್ಯವನ್ನು ಇನ್ನೊಂದು ಎನ್‌ಕೋಡಿಂಗ್‌ಗೆ ಬದಲಾಯಿಸುವ ಕೆಲಸಕ್ಕೆ ಏನನ್ನೋಣ? ಸದ್ಯಕ್ಕೆ ‘ಅಕ್ಷರ ಸಂಕೇತೀಕರಣ ಪರಿವರ್ತನೆ’ ಅಂತ ಬರೆದಿದ್ದೇನೆ, ಓದುವಾಗ ನಾಲಿಗೆ ತೊಡರುತ್ತದೆ. ನಾಳೆ ಸಂಜೆಯೊಳಗೆ ಕಳಿಸಬೇಕು. ಎಕ್ಸ್‌ಟೆನ್ಶನ್‌ಗೆ ‘ವಿಸ್ತರಣೆ’ ಅಂತ ಹಾಕಿದ್ದೇನೆ, ತಕರಾರಿದ್ದರೆ ಅದನ್ನೂ ಹೇಳಿ.

* * *

‘ಲಿಪ್ಯಂತರ’ ಇದೆಯಲ್ಲ ಸರ್. ಚಿಕ್ಕ ಪದ, ಎಲ್ಲರಿಗೂ ಗೊತ್ತು.

* * *

ಲಿಪ್ಯಂತರ ಆಗದು. ಕನ್ನಡ ಮಾತನ್ನು ದೇವನಾಗರಿಯಲ್ಲಿ ಬರೆದರೆ ಅದು ಲಿಪ್ಯಂತರ. ಇಲ್ಲಿ ಲಿಪಿ ಬದಲಾಗುವುದೇ ಇಲ್ಲ. ‘ಕ’ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ 3 ಬೈಟು, ಯುಟಿಎಫ್-16ರಲ್ಲಿ 2 ಬೈಟು, ಎರಡು ಕಡೆಯೂ ಅದು ‘ಕ’ನೇ. ಮೇಲಾಗಿ ಇದೇ ಕೆಲಸ ಮಾಡುವ ಐಕಾನ್ವ್ ಎಂಬ ಫಂಕ್ಷನ್‌ನಲ್ಲಿ ‘ಟ್ರಾನ್ಸ್‌ಲಿಟ್’ ಅಂತಲೇ ಒಂದು ಆಯ್ಕೆ ಇದೆ, ಗುರಿಯ ಎನ್‌ಕೋಡಿಂಗ್‌ನಲ್ಲಿ ಇಲ್ಲದ ಚಿಹ್ನೆಯ ಜಾಗದಲ್ಲಿ ಅದನ್ನು ಹೋಲುವ ಬೇರೊಂದನ್ನು ಹಾಕುತ್ತದೆ. ಈ ಪದವನ್ನು ಇಲ್ಲೇ ಖರ್ಚು ಮಾಡಿದರೆ ಅದಕ್ಕೇನು ಹೇಳುತ್ತೀರಿ?

* * *

ಈ ‘ಈಕರಣ’ದ ಬಾಲ ಯಾಕೆ ಬೇಕು? ಒಂದೊಂದು ಬರಿಗೆಗೂ ಒಂದೊಂದು ಗುರುತು ಇಡುವುದೇ ಎನ್‌ಕೋಡಿಂಗ್. ಹಾಗಾಗಿ ‘ಬರಿಗೆಗುರುತು ಮಾರ್ಪಾಟು’. ಬರೆ ಎಂಬುದರಿಂದ ಬರಿಗೆ. ಮಾರ್ನುಡಿ, ಮಾರುವೇಶಗಳಲ್ಲಿರುವ ‘ಮಾರ್’ ಇಲ್ಲೂ ಇದೆ, ಒಂದರ ಬದಲಿಗೆ ಇನ್ನೊಂದು ಎಂಬ ಹುರುಳು ಪದದ ಬೇರಿನಲ್ಲೇ ಇದೆ. ನಮ್ಮದೇ ಬೇರು ಇರುವಾಗ ಹೊರಗಡೆ ಕೈ ಚಾಚುವುದು ಸರಿಯಲ್ಲ.

* * *

ಬೇರಿನಲ್ಲಿ ಏನಾದರೂ ಇರಲಿ, ಇವತ್ತಿನ ಬಳಕೆಯಲ್ಲಿ ಮಾರ್ಪಾಟು ಅಂದರೆ ತಿದ್ದುವುದು. ‘ಪಠ್ಯದಲ್ಲಿ ಮಾರ್ಪಾಟು’ ಅಂದರೆ ಯಾರೋ ವಾಕ್ಯಗಳನ್ನೇ ಬದಲಿಸಿದ್ದಾರೆ ಅಂದುಕೊಳ್ಳುತ್ತಾರೆ.

ಬರಿಗೆ ಅನ್ನಿ, ಅಕ್ಷರ ಅನ್ನಿ, ತೊಂದರೆ ಅಲ್ಲೇ ಇದೆ. ‘ಕನ್ನಡ’ದಲ್ಲಿ ನಾವು ಎಣಿಸುವುದು 3 ಅಕ್ಷರ. ಎಂಬಿಸ್ಟ್ರಿಂಗ್‌ನಲ್ಲಿ ಉದ್ದ ಎಣಿಸುವ ಎಂಬಿ_ಸ್ಟ್ರ್‌ಲೆನ್ ಫಂಕ್ಷನ್ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ಒತ್ತಕ್ಷರದಲ್ಲಿ ನ, ಹಲಂತ ಚಿಹ್ನೆ, ಮತ್ತೆ ನ ಅಂತ ಮೂರು ಕೋಡ್ ಪಾಯಿಂಟುಗಳಿವೆ (ಚಿಹ್ನೆಗಳಿಗೆ ಯೂನಿಕೋಡ್ ಕೊಟ್ಟಿರುವ ಸಂಖ್ಯೆಗಳು). ಬರೀ ಸ್ಟ್ರ್‌ಲೆನ್ ಯುಟಿಎಫ್-8ರಲ್ಲಿ 15 ಅನ್ನುತ್ತದೆ, ಅದು ಎಣಿಸುವುದು ಬೈಟುಗಳನ್ನು. ಕೈಪಿಡಿಯಲ್ಲಿ ಇದಕ್ಕೆಲ್ಲ ‘ಅಕ್ಷರ’ ಅಂತ ಒಂದೇ ಪದ ಹಾಕಿದರೆ ಓದಿದವರು ಲೆಕ್ಕ ತಪ್ಪುತ್ತಾರೆ. ಹಾಗಾಗಿ ತಲೆಬರಹದಿಂದ ‘ಅಕ್ಷರ’ ತೆಗೆಯಿರಿ, ಬರೀ ‘ಎನ್‌ಕೋಡಿಂಗ್’ ಸಾಕು.

ಇಟ್ಟ ಹೆಸರು ಸರಿಯಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಪಿಎಚ್‌ಪಿಯಲ್ಲೇ ಉದಾಹರಣೆ ಇದೆ. ಯುಟಿಎಫ್8_ಎನ್‌ಕೋಡ್ ಅಂತ ಒಂದು ಫಂಕ್ಷನ್. ಹೆಸರು ನೋಡಿದರೆ ಯಾವ ಪಠ್ಯ ಕೊಟ್ಟರೂ ಯುಟಿಎಫ್-8 ಮಾಡಿಕೊಡುತ್ತದೆ ಅನಿಸುತ್ತದೆ, ಅಲ್ವಾ? ಅದು ಮಾಡುವುದು ಐಎಸ್‌ಒ-8859-1 ಎಂಬ ಒಂದು ಹಳೆಯ ಎನ್‌ಕೋಡಿಂಗ್‌ನಿಂದ ಯುಟಿಎಫ್-8ಗೆ, ಅಷ್ಟೇ. ಆಗಲೇ ಯುಟಿಎಫ್-8ರಲ್ಲಿರುವ ‘ಕ’ವನ್ನು ಕೊಟ್ಟರೆ ಅದರ 3 ಬೈಟುಗಳನ್ನು ಮೂರು ಬೇರೆ ಚಿಹ್ನೆಗಳು ಅಂದುಕೊಂಡು 6 ಬೈಟು ಮಾಡುತ್ತದೆ, ತೆರೆಯ ಮೇಲೆ ಕಸ ಕಾಣುತ್ತದೆ. 8.2ನೇ ಆವೃತ್ತಿಯಲ್ಲಿ ಅದನ್ನು ಬಳಸಬೇಡಿ ಅಂತ ಗುರುತು ಹಾಕಿದರು. ಯಾವುದರಿಂದ ಅನ್ನೋದನ್ನು ಹೆಸರು ಹೇಳಲೇ ಇಲ್ಲ, ಗೋಳು ಅಲ್ಲಿಂದಲೇ ಶುರು.

ನಮ್ಮ ಭಾಷೆಯಲ್ಲಿ ಇದಕ್ಕೆ ವಿಭಕ್ತಿ ಇದೆ. ‘ಒಂದು ಎನ್‌ಕೋಡಿಂಗ್‌ನಿಂದ ಇನ್ನೊಂದಕ್ಕೆ’ ಅಂತಲೇ ತಲೆಬರಹ ಕೊಡಿ. ಒಳಗೆ ‘ಎನ್‌ಕೋಡಿಂಗ್ ಬದಲಾವಣೆ’ ಅಂತ ಬಳಸಿ. ಫಂಕ್ಷನ್‌ಗೆ ಕೊಡಬೇಕಾದ ಪ್ಯಾರಾಮೀಟರುಗಳಿಗೆ ‘ಯಾವುದರಿಂದ’, ‘ಯಾವುದಕ್ಕೆ’ ಅಂತ ವಿವರಣೆ ಬರೆಯಿರಿ. ಐಕಾನ್ವ್‌ಗೆ ಮೊದಲು ‘ಯಾವುದರಿಂದ’, ಆಮೇಲೆ ‘ಯಾವುದಕ್ಕೆ’, ಕೊನೆಗೆ ಪಠ್ಯ ಕೊಡಬೇಕು. ಎಂಬಿಸ್ಟ್ರಿಂಗ್‌ನ ಎಂಬಿ_ಕನ್ವರ್ಟ್_ಎನ್‌ಕೋಡಿಂಗ್‌ನಲ್ಲಿ ಪಠ್ಯ ಮೊದಲು, ‘ಯಾವುದಕ್ಕೆ’ ನಡುವೆ, ‘ಯಾವುದರಿಂದ’ ಕೊನೆಗೆ. ಇಷ್ಟು ಉಲ್ಟಾ ಇರುವಾಗ ಪದ ಚಂದ ಇದೆಯಾ ಅನ್ನೋದಕ್ಕಿಂತ ದಿಕ್ಕು ಕಾಣುತ್ತದಾ ಅನ್ನೋದು ಮುಖ್ಯ.

* * *

ಎಲ್ಲಾ ಸರಿ, ಆದರೆ ‘ಸಂಕೇತ’ವನ್ನು ಇಷ್ಟು ಸುಲಭವಾಗಿ ಕೈಬಿಡಬಾರದು. ಸಂಕೇತ ಅಂದರೆ ಮೂಲದಲ್ಲಿ ಇಬ್ಬರು ಮೊದಲೇ ಮಾಡಿಕೊಂಡ ಒಪ್ಪಂದ. ಕಾವ್ಯದಲ್ಲಿ ನಾಯಕ ನಾಯಕಿ ಸೇರಲು ಗೊತ್ತು ಮಾಡಿಕೊಂಡ ಜಾಗ ಸಂಕೇತಸ್ಥಾನ. ಬರೆದವನೂ ಓದುವವನೂ ಈ ಬೈಟಿಗೆ ಈ ಅರ್ಥ ಅಂತ ಒಪ್ಪಿಕೊಳ್ಳುವುದೇ ಎನ್‌ಕೋಡಿಂಗ್ ಆದಾಗ, ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗುತ್ತದೆ?

* * *

ಅರ್ಥ ಚೆನ್ನಾಗಿದೆ ಮೇಡಂ. ಆದರೆ ‘ಸಂಕೇತ’ ಅಂದ ಕೂಡಲೇ ಈಗಿನವರಿಗೆ ಗುಟ್ಟಿನ ಭಾಷೆ ನೆನಪಾಗುತ್ತದೆ. ಎನ್‌ಕೋಡಿಂಗ್ ಬೇರೆ, ಬೇರೆಯವರು ಓದದಂತೆ ಗುಟ್ಟಾಗಿಡುವ ಎನ್‌ಕ್ರಿಪ್ಷನ್ ಬೇರೆ. ಮೊದಲೇ ಜನ ಎರಡನ್ನೂ ಬೆರೆಸುತ್ತಾರೆ.

* * *

ಎನ್‌ಕೋಡಿಂಗನ್ನು ಹಾಗೇ ಇಟ್ಟುಕೊಂಡರೆ ನಾಳೆ ಕ್ರಿಯಾಪದವನ್ನೂ ಇಂಗ್ಲಿಶಿನಿಂದಲೇ ತರುತ್ತೀರಿ. ಕನ್ನಡಕ್ಕೆ ಉಳಿಯುವುದು ‘ಮಾಡು’ ಒಂದೇ.

* * *

ಕಾಗದ, ಕಚೇರಿ ಹೊರಗಿಂದ ಬಂದವು. ಅವು ಬಂದು ಕನ್ನಡ ಸೊರಗಲಿಲ್ಲ. ‘ಬದಲಾಯಿಸು’ ಕೂಡ ಅರಬ್ಬಿಯ ‘ಬದಲ್’ನಿಂದ ಬಂದದ್ದು, ಅದನ್ನೂ ಬಿಡೋಣವಾ?

* * *

ನೀವು ಜಗಳ ಮುಂದುವರಿಸಿ, ಕೈಪಿಡಿಗೆ ಒಂದು ಮಾತು. ‘ಕನ್ವರ್ಟ್’ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಿಂದ ಯೂನಿಕೋಡ್‌ಗೆ ತರುವುದು. ಅದು ಎಂಬಿಸ್ಟ್ರಿಂಗ್ ಮಾಡುವ ಕೆಲಸ ಅಲ್ಲ. ಆ ಫಾಂಟುಗಳಲ್ಲಿ ಅಕ್ಷರದ ತುಂಡು ಆಕಾರಗಳಿಗೆ ಸಂಖ್ಯೆ ಕೊಟ್ಟಿದ್ದಾರೆ, ತುಂಡುಗಳನ್ನು ಸೇರಿಸಿ ಕ್ರಮವನ್ನೂ ಬದಲಿಸಬೇಕು. ಅಧ್ಯಾಯದ ಮೊದಲ ಸಾಲಿನಲ್ಲೇ ಇದನ್ನು ಹೇಳಿಬಿಡಿ.

* * *

ಎಲ್ಲರಿಗೂ ವಂದನೆ. ‘ಒಂದು ಎನ್‌ಕೋಡಿಂಗ್‌ನಿಂದ ಇನ್ನೊಂದಕ್ಕೆ’ ತಲೆಬರಹ, ಒಳಗೆ ‘ಎನ್‌ಕೋಡಿಂಗ್ ಬದಲಾವಣೆ’. ಸಂಕೇತದ ಅರ್ಥವನ್ನು ಮುನ್ನುಡಿಯಲ್ಲಿ ಸೇರಿಸುತ್ತೇನೆ. ‘ವಿಸ್ತರಣೆ’ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ಹಾಗೇ ಬಿಡುತ್ತೇನೆ.

* * *

ಬಿಡಬೇಡಿ. ಕಡತದ ಹೆಸರಿನ ಕೊನೆಯ ಚುಕ್ಕೆಯ ಮುಂದಿನ ಭಾಗಕ್ಕೂ ವಿಸ್ತರಣೆ ಅನ್ನುತ್ತಾರೆ. ಎಂಬಿಸ್ಟ್ರಿಂಗ್ ತಾನಾಗಿ ಬರುವುದಿಲ್ಲ, ಬೇಕು ಅಂತ ಸೇರಿಸಿಕೊಳ್ಳಬೇಕು. ‘ಸೇರ್ಪಡೆ’ ಅನ್ನಿ.